ಮುಷ್ಟಿಯೊಳಗೆ ಇಟ್ಟ ಅನ್ನ

ಉಪ್ಪು ಹಾಕದ ಚಪಾತಿ ಹಂಚಿನ ಮೇಲೆ ಉಬ್ಬಿ, ಒಂದು ಕಡೆ ಒಡೆದು, ಅಲ್ಲಿಂದ ಸಣ್ಣಗೆ ಹಬೆ ಬಿಟ್ಟಿತು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಆವಲಪ್ಪ ಆ ಒಡೆದ ಜಾಗವನ್ನೇ ನೋಡುತ್ತಿದ್ದ. ತಿಂಗಳ ಮೊದಲ ಭಾನುವಾರ ಕ್ರೈಸ್ತ ಸಭೆಯ ಪ್ರಭುವಿನ ಊಟಕ್ಕೆ ರೊಟ್ಟಿ ಈ ಮನೆಯಿಂದ ಹೋಗಬೇಕು, ರಸವೂ ಈ ಮನೆಯದೇ. ಚಿಕ್ಕಬಳ್ಳಾಪುರದಿಂದ ತಂದ ನೀಲಿ ದ್ರಾಕ್ಷಿಯನ್ನು ಹೆಂಡತಿ ಆಂಜಿನಮ್ಮ ನಿನ್ನೆಯೇ ಬೇಯಿಸಿ ಹಿಂಡಿದ್ದಳು. ಹಿಂಡಿದ ಪಂಚೆ ತುಂಡು ಹೊರಗೆ ತಂತಿಯ ಮೇಲೆ ಕಪ್ಪುಗೆಂಪಾಗಿ ನೇತಾಡುತ್ತಿತ್ತು, ಅದರ ತುಂಬ ನೊಣ. ತಂತಿಯ ಕಡೆ ನೋಡಬಾರದು ಅಂದುಕೊಂಡೇ ಅವನು ಚಪಾತಿಯ ಕಡೆ ತಿರುಗಿ ಕೂತಿದ್ದು. ಹದಿನೆಂಟು ವರ್ಷದಿಂದ ಸಭೆಯಲ್ಲಿ ರೊಟ್ಟಿಯ ತಟ್ಟೆ ಹಿಡಿದು ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಕೈಗೆ ಒಂದೊಂದು ತುಂಡು ಇಡುವವನು ಅವನೇ. ಬಲಗೈಯನ್ನು ಎಡಗೈ ಮೇಲಿಟ್ಟು ಎಲ್ಲರೂ ಅಂಗೈ ಚಾಚುತ್ತಾರೆ. ಇವತ್ತು ಆ ಸಾಲಿನಲ್ಲಿ ಮೊದಲ ಸಲ ವೆಂಕಟರವಣಪ್ಪ ಮೊಣಕಾಲೂರುತ್ತಾನೆ. ಅವನಿಗೆ ಚಾಚುವುದಕ್ಕೆ ಇರುವುದು ಎಡಗೈ ಒಂದೇ. ಬಲಗೈ ಮಣಿಕಟ್ಟಿನಿಂದ ಆಚೆಗಿಲ್ಲ. ನಲವತ್ತೊಂದು ವರ್ಷದ ಹಿಂದೆ ಅದನ್ನು ಮಚ್ಚಿನಿಂದ ತೆಗೆದವನು ಆವಲಪ್ಪ.

ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುಚ್ಚಿಟ್ಟಿದ್ದು ಅದಲ್ಲ.

"ಏನಯ್ಯ, ಹೊಗೆ ಕುಡೀತಾ ಕೂತ್ಬಿಟ್ಟೆ? ಎದ್ದು ನೀರು ಹಾಕ್ಕೋ. ಅಯ್ಯಗಾರು ಬೇಗ ಬಾ ಅಂದವ್ರೆ," ಎಂದಳು ಆಂಜಿನಮ್ಮ.

"ಬೇಗ ಯಾಕಂತೆ?"

"ಅದೇನೋ ಫೋನಲ್ಲಿ ವಿಡಿಯೋ ಹಿಡೀಬೇಕಂತೆ. ನೀನು ಕೊಡೋದು, ಅವನು ಇಸ್ಕೊಳ್ಳೋದು. ಬಿಳಿ ಶರ್ಟ್ ಹಾಕ್ಕೋ, ಇಸ್ತ್ರಿ ಮಾಡ್ಸಿದೀನಿ."

ಅವನು ಏಳಲಿಲ್ಲ. ಅವಳು ಚಪಾತಿ ತೆಗೆದು ಬಿಳಿ ಬಟ್ಟೆಯ ಮೇಲೆ ಹಾಕಿದಳು. ಮಡಿಸಲಿಲ್ಲ. ಕತ್ತಿ ಮುಟ್ಟಿಸಬಾರದು, ಸಭೆಯ ಮುಂದೆ ಕೈಯಲ್ಲೇ ಮುರಿಯಬೇಕು. ಈ ಸಭೆಗೆ ಮೊದಲು ಬಂದ ದಿನಗಳಲ್ಲಿ ಅವನಿಗೆ ತುಂಬ ಹಿಡಿಸಿದ್ದು ಅದೇ, ಕತ್ತಿ ಬೇಡ ಅನ್ನುವ ಮಾತು. ಒಂದು ಸಲ ಒಬ್ಬನು ಎಲ್ಲರಿಗಾಗಿ ಸತ್ತಾಯಿತು, ಇನ್ನು ಯಾವ ಪ್ರಾಣಿಯನ್ನೂ ಕಡಿಯುವ ಕೆಲಸವಿಲ್ಲ ಎಂದು ಚಿಂತಾಮಣಿ ಕಡೆಯಿಂದ ಸೈಕಲ್ಲಿನಲ್ಲಿ ಬಂದ ಮುದುಕ ಬೋಧಕರು ಹೇಳಿದಾಗ, ಅವನ ಬಲತೋಳು ತಾನಾಗಿ ಸಡಿಲವಾಗಿತ್ತು. ಆವಲಪ್ಪನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಈ ಊರಿನ, ತುಮ್ಮಲಕುಂಟೆಯ ಮಾರಮ್ಮನಿಗೆ ಕೋಣ ಕಡಿದವರು. ಊರಿನವರು ಕೊಟ್ಟ ಕೆಲಸ. ಬೇರೆಯವರು ಮಾಡಲಾರರು, ಇವರು ಬಿಡಲಾರರು. ಒಂದೇ ಏಟಿಗೆ ತಲೆ ಬೀಳಬೇಕು. ಎರಡನೇ ಏಟು ಬೇಕಾದರೆ ಕೇರಿಗೇ ಅಪಶಕುನ. ಕೋಣದ ಕತ್ತಿನ ಮೇಲೆ ಅರಿಸಿನದ ನೀರು ಹೊಯ್ದಾಗ ಅದು ಮೈ ಝಾಡಿಸುತ್ತದೆ. ಒಪ್ಪಿಗೆ ಕೊಟ್ಟಿತು ಅಂತ ಎಲ್ಲರೂ ಕೂಗುತ್ತಾರೆ. ತಣ್ಣೀರು ಬಿದ್ದರೆ ಯಾರಾದರೂ ಮೈ ಝಾಡಿಸುತ್ತಾರೆ ಅಂತ ಅವನಿಗೆ ಆಗಲೂ ಗೊತ್ತಿತ್ತು. ಕಡಿದ ಮೇಲೆ ಮೊರಗಟ್ಟಲೆ ಅನ್ನವನ್ನು ಆ ಬಿಸಿ ರಕ್ತದಲ್ಲಿ ಕಲಸಿ, ಹೊಸ ಬಿದಿರಿನ ಬುಟ್ಟಿಗೆ ತುಂಬಿ, ನಸುಕಿನಲ್ಲಿ ಊರಿನ ಎಲ್ಲೆಯ ಸುತ್ತ ಚೆಲ್ಲಿಕೊಂಡು ಬರುವುದು. ಪೊಲಿ ಅನ್ನ ಅನ್ನುತ್ತಿದ್ದರು ಅದಕ್ಕೆ. ಅದು ಬಿದ್ದ ಗೆರೆಯೊಳಗೆ ರೋಗ ಬರುವುದಿಲ್ಲ, ಬೆಳೆ ಕೆಡುವುದಿಲ್ಲ. ಆದರೆ ಪಕ್ಕದ ಊರಿನವನು ಯಾವನಾದರೂ ಒಂದು ಹಿಡಿ ಬಾಚಿಕೊಂಡು ಓಡಿ ತನ್ನ ಹೊಲದಲ್ಲಿ ಹೂತುಬಿಟ್ಟರೆ ಈ ಊರಿನ ಬೆಳೆಯೆಲ್ಲ ಅವನ ಹಿಂದೆ ಹೋಗುತ್ತದೆ. ಅದಕ್ಕೇ ಬುಟ್ಟಿಯ ಜೊತೆ ಮಚ್ಚು ಹಿಡಿದವನು ನಡೆಯಬೇಕು. ಕದ್ದವನ ಕೈ ತೆಗೆಯಬಹುದು, ಕೇಳುವವರಿಲ್ಲ.

ಬಚ್ಚಲಲ್ಲಿ ಅವನು ನೀರು ಹೊಯ್ದುಕೊಂಡ. ತಣ್ಣೀರು ಬೆನ್ನ ಮೇಲೆ ಬಿದ್ದಾಗ ಮೈ ಝಾಡಿಸಿತು. ಹಲ್ಲು ಕಚ್ಚಿ ಅದನ್ನು ತಡೆಯಲು ನೋಡಿದ, ಆಗಲಿಲ್ಲ.

ನಿನ್ನೆ ಸಂಜೆ, ಮೊದಲ ಸಲ ಊಟಕ್ಕೆ ಕೂರುವವರಿಗೆ ಅರ್ಥ ಹೇಳಿಕೊಡುವುದಕ್ಕೆ ಅಯ್ಯಗಾರು ಸಭೆಯ ಶೀಟಿನ ಕೆಳಗೆ ನಾಲ್ಕು ಕುರ್ಚಿ ಹಾಕಿಸಿದ್ದರು. ಅಯ್ಯಗಾರು ಅಂದರೆ ಪಾಸ್ಟರ್ ಮುರಳಿಮೋಹನ್, ಗೌರಿಬಿದನೂರಿನವರು, ಮೂವತ್ತೈದು ದಾಟಿರಲಿಕ್ಕಿಲ್ಲ. ಹಿರಿಯ ಅಂತ ಆವಲಪ್ಪನೂ ಕೂತಿದ್ದ. ವೆಂಕಟರವಣಪ್ಪ ಪಕ್ಕದ ಬಂಡ್ಲಹಳ್ಳಿಯಿಂದ ಮಗಳು ತನುಜಳ ಜೊತೆ ನಡೆದು ಬಂದಿದ್ದ. ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸದವಳು. ದಿನವೆಲ್ಲ ಬಿಸಿನೀರಲ್ಲಿ ಗೂಡು ಆಡಿಸಿ ಅವಳ ಬೆರಳ ತುದಿಗಳು ಬೆಂದು ಬಿಳಿಚಿದ್ದವು. ಅವಳು ಮಾತಾಡುತ್ತಿರಲಿಲ್ಲ, ಅಪ್ಪ ಮಾತಾಡುತ್ತಿದ್ದ.

"ಅಯ್ಯಗಾರೇ, ತಪ್ಪು ತಿಳೀಬೇಡಿ. ನಮ್ಮೋರು ರಕ್ತದನ್ನ ಹೊಲಕ್ಕೆ ಚೆಲ್ತಿದ್ರು. ನೀವು ಒಂದು ಕೈ ಮುಂದೆ ಹೋಗಿ ಬಾಯಿಗೇ ಹಾಕ್ಕೊಳ್ತೀರ. ನಿಜವಾಗ್ಲೂ ರಕ್ತಾನಾ ಅದು, ಇಲ್ಲ ಪಾನಕಾನಾ?"

ಅಯ್ಯಗಾರು ನಕ್ಕರು. "ದ್ರಾಕ್ಷಿ ರಸಾನೇ ತಾತ. ಆದ್ರೆ ನೆನಪು ಮಾಡ್ಕೊಂಡು ಕುಡೀಬೇಕು. ಒಬ್ಬರು ನಮಗೋಸ್ಕರ ಮುರಿಸ್ಕೊಂಡ್ರು ಅನ್ನೋ ನೆನಪು."

"ನೆನಪೇನು, ಚೆನ್ನಾಗೇ ಐತೆ ನಂಗೆ," ಎಂದು ವೆಂಕಟರವಣಪ್ಪ ಮೊಂಡುಗೈ ಎತ್ತಿ ತೋರಿಸಿದ. "ಆವಲಣ್ಣನ್ನ ಕೇಳಿ, ಮುರಿಯೋದು ಹೆಂಗೆ ಅಂತ."

ಎಲ್ಲರೂ ನಕ್ಕರು, ಆವಲಪ್ಪನೂ ನಕ್ಕ. ಆ ನಗು ಅವನಿಗೆ ಅಭ್ಯಾಸವಾಗಿತ್ತು. ವೆಂಕಟರವಣಪ್ಪ ಈ ಸಭೆಗೆ ಕಾಲಿಟ್ಟು ಆರು ತಿಂಗಳು. ಮೊದಲ ದಿನವೇ ಹಾಡಿನ ಹೊತ್ತಿಗೆ ಎಡಗೈಯಿಂದ ತೊಡೆ ಬಡಿಯುತ್ತ, "ನನ್ನ ಚಪ್ಪಾಳೆ ಇಷ್ಟೇ ಕಣ್ರಪ್ಪ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದಿದ್ದ. ಹಾಡು ಮುಗಿದ ಮೇಲೆ ನೇರವಾಗಿ ಆವಲಪ್ಪನ ಹತ್ತಿರ ಬಂದು, "ನೀನು ನಿನ್ನ ಕೆಲ್ಸ ಮಾಡ್ದೆ ಅಣ್ಣ, ನಂಗೇನೂ ಇಲ್ಲ" ಎಂದು ಎಡಗೈಯಲ್ಲಿ ಅವನ ಕೈ ಹಿಡಿದ. ಹೆಂಗಸರು ಅತ್ತರು. ಕಡಿದವನು, ಕಡಿಸಿಕೊಂಡವನು ಒಂದೇ ಸಭೆಯಲ್ಲಿ ಇದ್ದಾರೆ ಎಂದು ಅಯ್ಯಗಾರು ಚಿಂತಾಮಣಿಯ ದೊಡ್ಡ ಕೂಟದಲ್ಲಿ ಇಬ್ಬರನ್ನೂ ವೇದಿಕೆ ಹತ್ತಿಸಿದರು. ಗೌರಿಬಿದನೂರಿನಲ್ಲಿ ಹಾರ ಹಾಕಿಸಿದರು. ಪ್ರತಿ ಸಲವೂ ಮೈಕು ವೆಂಕಟರವಣಪ್ಪನಿಗೆ, ಆವಲಪ್ಪನಿಗೆ ಪಕ್ಕದಲ್ಲಿ ತಲೆತಗ್ಗಿಸಿ ನಿಲ್ಲುವ ಕೆಲಸ. ಅದನ್ನು ಜನ ವಿನಯ ಅಂದುಕೊಂಡರು.

ಆದರೆ ನಿನ್ನೆ ಆ ನಗು ಮುಗಿದ ಮೇಲೆ ವೆಂಕಟರವಣಪ್ಪ ದನಿ ತಗ್ಗಿಸಿ, "ಅಯ್ಯಗಾರೇ, ನಾನು ಯೋಗ್ಯನಾ ಇದಕ್ಕೆ? ಕಳ್ಳನ ಕೈ ಇದು. ಅದು ಹೋಯ್ತು, ಇದು ಅದರ ತಮ್ಮ. ಇದರೊಳಗೆ ಇಡಬಹುದಾ ಆ ರೊಟ್ಟೀನ?" ಎಂದು ಕೇಳಿದ.

"ನೀವು ಪಾಪ ಅರಿಕೆ ಮಾಡ್ಕೊಂಡಿದ್ದೀರಲ್ಲ ತಾತ. ಕ್ಷಮೆ ಸಿಕ್ಕಾಯ್ತು."

"ಮಾಡ್ಕೊಂಡೆ. ಆದ್ರೂ..." ಎಂದು ಅವನು ಆವಲಪ್ಪನ ಕಡೆ ತಿರುಗಿದ. "ಮೊದಮೊದ್ಲು ನಾನು ಪಂಚಾಯ್ತೀಲಿ ಕೂಗ್ತಾನೇ ಇದ್ದೆ ಅಲ್ವಾ ಅಣ್ಣ? ಕಳೆದ ಕರು ಹುಡುಕ್ತಾ ಬಂದೆ, ನಾನು ಬುಟ್ಟಿ ಮುಟ್ಲಿಲ್ಲ ಅಂತ. ನಂಬ್ಕೊಂಡೇ ಕೂಗ್ತಿದ್ದೆ. ಎಷ್ಟೋ ವರ್ಷ ಆದ್ಮೇಲೆ ಯೋಚ್ನೆ ಬಂತು. ಅಷ್ಟು ಜನ ನೋಡವ್ರೆ, ಕಡಿದ ಕೈಲಿ ಅನ್ನ ಇತ್ತಲ್ಲ? ನಂಗೇ ಗೊತ್ತಾಗ್ದಂಗೆ ನನ್ನ ಕೈ ಬಾಚ್ಕೊಂಡಿರ್ಬೇಕು. ಮನಸ್ಸಿನೊಳಗೆ ಎಲ್ಲೋ ಆಸೆ ಇದ್ದಿರ್ಬೇಕು. ಅಲ್ವಾ?"

ಆವಲಪ್ಪ "ಹೂಂ" ಅಂದ. ಹೂಂ ಅಂದುಬಿಟ್ಟ. ಆ ಒಂದಕ್ಷರ ರಾತ್ರಿಯಿಡೀ ಕಿವಿಯಲ್ಲಿ ಕೇಳುತ್ತಿತ್ತು, ಈಗ ಇಸ್ತ್ರಿ ಮಾಡಿದ ಶರ್ಟಿನ ಗುಂಡಿ ಹಾಕುವಾಗಲೂ ಕೇಳುತ್ತಿತ್ತು.

ತಟ್ಟೆ, ಬಟ್ಟೆ, ರಸದ ಬಾಟಲಿ ಹಿಡಿದು ಗಂಡಹೆಂಡತಿ ಸಭೆಯ ಕಡೆ ನಡೆದರು. ದಾರಿಯಲ್ಲಿ ಹಿಪ್ಪುನೇರಳೆ ತೋಟಕ್ಕೆ ಯಾರೋ ನೀರು ಬಿಟ್ಟಿದ್ದರು. ಕೆಂಪು ಮಣ್ಣು ನೆಂದು ಕಲಸಿದ ಹಾಗೆ ಆಗಿತ್ತು. ಪೊಲಿ ಚೆಲ್ಲಿದ ಆವತ್ತಿನ ನಸುಕಿನಲ್ಲಿ ನೆಲ ಒಣಗಿತ್ತು. ಅವನು ಮುಂದೆ, ಬುಟ್ಟಿ ಹೊತ್ತವನು ಹಿಂದೆ, ತಮಟೆಯವರು ಇನ್ನೂ ಹಿಂದೆ. ಎಲ್ಲೆಯ ಜಾಲಿ ಗಿಡಗಳ ಹತ್ತಿರ ಬುಟ್ಟಿಯವನು ಕಾಲಿಗೆ ಮುಳ್ಳು ಚುಚ್ಚಿತು ಅಂತ ಬುಟ್ಟಿ ಇಳಿಸಿ ಅತ್ತ ಕುಂಟಿಕೊಂಡು ಹೋದ. ಬುಟ್ಟಿಯ ಪಕ್ಕ ಯಾರೋ ಬಗ್ಗಿದ ಹಾಗೆ ಕಂಡಿತು. ಬಗ್ಗಿದ್ದನೋ, ಗಿಡದ ಕೆಳಗೆ ಕರುವಿಗಾಗಿ ನೋಡುತ್ತಿದ್ದನೋ. "ಯಾವನೋ ಅವನು?" ಅಂದ ಕೂಡಲೇ ಆ ಮನುಷ್ಯ ನಿಂತ. ಓಡಲಿಲ್ಲ. ಓಡಿದ್ದರೆ ಬಿಡುತ್ತಿದ್ದೆನೇನೋ ಎಂದು ಆವಲಪ್ಪ ಎಷ್ಟೋ ಸಲ ಅಂದುಕೊಂಡಿದ್ದಾನೆ. ಆದರೆ ರಾತ್ರಿಯಿಡೀ ಕುಡಿದ ಮೈ, ಕೋಣ ಒಂದೇ ಏಟಿಗೆ ಬಿದ್ದ ಸೊಕ್ಕು ತೋಳಲ್ಲಿ ಇನ್ನೂ ಇಳಿದಿರಲಿಲ್ಲ. "ಕೈ ಬಿಚ್ಚೋ!" ಎಂದ. ಭಯಕ್ಕೆ ಆ ಮನುಷ್ಯನ ಮುಷ್ಟಿ ಇನ್ನೂ ಬಿಗಿಯಾಯಿತು. ಆವಲಪ್ಪನೇ ಮಣಿಕಟ್ಟು ಹಿಡಿದು, ಪಕ್ಕದ ಬಂಡೆಯ ಮೇಲೆ ಒತ್ತಿ, ಮಚ್ಚು ಎತ್ತಿದ. ಸದ್ದು ಹಸಿ ಕಬ್ಬು ಕಡಿದ ಹಾಗೆ. ಮೊದಲು ರಕ್ತವೇ ಬರಲಿಲ್ಲ, ಬಿಳಿಯದೇನೋ ಕಂಡಿತು, ಆಮೇಲೆ ಒಮ್ಮೆಗೆ ಚಿಮ್ಮಿ ಅವನ ಬಾಯಿಯ ಮೇಲೆ ಬಿತ್ತು. ತುಟಿ ಸವರಿಕೊಂಡ. ಕೋಣದ್ದಕ್ಕಿಂತ ಬಿಸಿ. ಆ ಮನುಷ್ಯ ಕೂಗದೆ ಕುಸಿದು ಬಿದ್ದ. ಕೈ ಬಂಡೆಯಿಂದ ಜಾರಿ ನೆಲದ ಮೇಲೆ ಅಂಗಾತ ಬಿದ್ದು, ಬೆರಳುಗಳು ಒಂದೊಂದಾಗಿ, ನಿದ್ದೆಯಲ್ಲಿ ಸಡಿಲವಾಗುವ ಹಾಗೆ, ತಾವಾಗಿ ಬಿಚ್ಚಿಕೊಂಡವು.

ಒಳಗೆ ಏನೂ ಇರಲಿಲ್ಲ. ಒಂದು ಅಗುಳೂ ಇರಲಿಲ್ಲ. ಅಂಗೈಯ ಗೆರೆಗಳಲ್ಲಿ ಒಂದಿಷ್ಟು ಬೆವರು.

ತಮಟೆ ಹತ್ತಿರ ಬರುತ್ತಿತ್ತು. ಅದರ ಹಿಂದೆ ಊರಿನ ಗೌಡರು. ಆವಲಪ್ಪ ಮಚ್ಚು ಕೆಳಗಿಟ್ಟು ಬುಟ್ಟಿಗೆ ಕೈ ಹಾಕಿದ. ಒಂದು ಹಿಡಿ ತೆಗೆದು ಆ ಅಂಗೈಯಲ್ಲಿ ಇಟ್ಟ. ಬೆರಳು ಮಡಿಸಿದ. ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ, ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು, ಅದನ್ನು ಒತ್ತಿ ಹಿಡಿದುಕೊಂಡೇ ನಿಂತ. ಕೈ ಇನ್ನೂ ಬೆಚ್ಚಗಿತ್ತು. "ಸಿಕ್ತಾ ಅನ್ನ?" ಎಂದರು ಗೌಡರು. "ಸಿಕ್ತು ಸ್ವಾಮಿ" ಎಂದು ಎತ್ತಿ ತೋರಿಸಿದ. ಜನ ಕೇಕೆ ಹಾಕಿದರು.

"ಸ್ಲೋ ಆಗಿ ಕೊಡಿ ತಾತ, ಏನು?" ಸಭೆಯ ಬಾಗಿಲಲ್ಲೇ ಅಯ್ಯಗಾರು ಕಾದಿದ್ದರು. ಅವರ ಪಕ್ಕ ವೆಂಕಟೇಶ್, ಟೆಂಪೋ ಓಡಿಸುವವನು, ಮೂರು ಕಾಲಿನ ಸ್ಟ್ಯಾಂಡಿಗೆ ಫೋನು ಸಿಗಿಸುತ್ತಿದ್ದ. "ರೊಟ್ಟಿ ಕೈಲಿ ಇಟ್ಟು ಒಂದು ಕ್ಷಣ ಹಂಗೇ ಹಿಡ್ಕೊಳ್ಳಿ, ಅವರ ಮುಖ ನೋಡಿ. ಜನಕ್ಕೆ ಸಾಕ್ಷಿ ಅದು. ಆಮೇಲೆ ಬೇಕಾದ್ರೆ ತಬ್ಕೊಳ್ಳಿ."

"ಅಯ್ಯಗಾರೇ, ಇವತ್ತು ತಟ್ಟೆ ಬೇರೆಯೋರು ಹಿಡೀಲಿ. ಮೈ ಸರಿ ಇಲ್ಲ ನಂಗೆ."

"ಅಯ್ಯೋ ತಾತ, ಇವತ್ತೇನಾ! ನಿಮ್ಮ ಕೈಲೇ ಆಗ್ಬೇಕು ಅಂತ ಅವರೇ ಕೇಳವ್ರೆ. ಆ ಕೈಯಿಂದಾನೇ ಇಸ್ಕೋಬೇಕು ಅಂತ."

ಆವಲಪ್ಪ ಮುಂದಿನ ಸಾಲಿನ ಚಾಪೆಯ ಮೇಲೆ ಕೂತ. ಹಾಡು, ಪ್ರಾರ್ಥನೆ, ಓದು. ಅಯ್ಯಗಾರು ಇವತ್ತು ಕೊನೆಯ ರಾತ್ರಿಯ ಊಟದ ಬಗ್ಗೆಯೇ ಬೋಧಿಸಿದರು. ಪ್ರಭುವನ್ನು ಹಿಡಿದುಕೊಡುವ ಶಿಷ್ಯ ಪಕ್ಕದಲ್ಲೇ ಕೂತಿದ್ದರೂ, ಗೊತ್ತಿದ್ದೂ, ಆತನು ಅವನಿಗೂ ತುತ್ತು ಕೊಟ್ಟನು ಎಂದರು. ಆವಲಪ್ಪನಿಗೆ ಯಾವತ್ತೂ ಚಿಂತೆ ಅವನದಲ್ಲ. ಆತನನ್ನು ಶಿಲುಬೆಗೆ ಮೊಳೆ ಹೊಡೆದವನದು. ಅವನ ಹೆಸರು ಯಾರೂ ಹೇಳುವುದಿಲ್ಲ. ದೊಡ್ಡವರು ಹೇಳಿದರು, ಅವನು ಮೊಣಕಾಲೂರಿ ಒಂದು ಕೈಯ ಬೆರಳುಗಳನ್ನು ಬಿಡಿಸಿ ಹಿಡಿದು ಹೊಡೆದ. ಮನೆಗೆ ಹೋಗಿ ಊಟ ಮಾಡಿರುತ್ತಾನೆ. ಅದೇ ಕೈಯಲ್ಲಿ. ಆಮೇಲೆ ಎಷ್ಟೋ ವರ್ಷಕ್ಕೆ ಅವನು ಇಂಥದ್ದೊಂದು ಚಾಪೆಯ ಮೇಲೆ ಕೂತು ಈ ರೊಟ್ಟಿಗೆ ಕೈ ಚಾಚಿದ್ದರೆ, ಕೊಡುವವರು ಏನು ಮಾಡುತ್ತಿದ್ದರು? ಕೊಡುತ್ತಿದ್ದರು. ಕ್ಷಮೆ ಇತ್ತಲ್ಲ. ಹೊಡೆದದ್ದಕ್ಕೆ ಕ್ಷಮೆ ಇದೆ ಅಂತ ಆವಲಪ್ಪ ನಂಬಿದ್ದ, ನಿಜವಾಗಿಯೂ ನಂಬಿದ್ದ. ಆದರೆ ಆ ಮೊಳೆ ಹೊಡೆದವನು ಆಮೇಲೆ, ಸತ್ತವನೇ ತಪ್ಪು ಮಾಡಿದ್ದು ಅಂತ ಸುಳ್ಳು ಗುರುತು ಇಟ್ಟಿದ್ದರೆ? ಸತ್ತವನೇ ಎದ್ದು ಬಂದು, ಹೌದು ನಾನೇ ತಪ್ಪು ಮಾಡಿದ್ದೆ, ಕ್ಷಮಿಸಿ ಅಂತ ಬೇಡಿಕೊಳ್ಳುವ ಹಾಗೆ ಮಾಡಿದ್ದರೆ? ಅಂಥದ್ದಕ್ಕೆ ಅಯ್ಯಗಾರು ಯಾವತ್ತೂ ಬೋಧನೆ ಮಾಡಿರಲಿಲ್ಲ. ಯೋಗ್ಯತೆ ಇಲ್ಲದೆ ತಿಂದವನು ತನಗೆ ತಾನೇ ಶಿಕ್ಷೆ ತಿಂದ ಹಾಗೆ ಎಂದು ಪ್ರತಿ ತಿಂಗಳು ಹೇಳುತ್ತಾರೆ. ಹದಿನೆಂಟು ವರ್ಷ ತಿಂಗಳಿಗೊಂದು ಸಲ ಅವನು ತಿಂದಿದ್ದ. ಮನೆಗೆ ಹೋಗಿ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಏನೂ ಆಗುತ್ತಿರಲಿಲ್ಲ. ಮಧ್ಯಾಹ್ನ ಮುದ್ದೆ ಸಾರು ಚೆನ್ನಾಗೇ ಸೇರುತ್ತಿತ್ತು.

"ಒಂದು ನಿಮಿಷ ಎಲ್ಲರೂ ತಮ್ಮನ್ನು ತಾವು ಪರೀಕ್ಷೆ ಮಾಡಿಕೊಳ್ಳೋಣ," ಎಂದರು ಅಯ್ಯಗಾರು.

ಶೀಟಿನ ಮೇಲೆ ಕಾಗೆ ನಡೆಯುವುದು ಕೇಳಿಸಿತು. ವೆಂಕಟರವಣಪ್ಪ ಎರಡನೇ ಸಾಲಿನಲ್ಲಿ ಬಗ್ಗಿ ಹಣೆಯನ್ನು ಚಾಪೆಗೆ ಒತ್ತಿ, ಹೆಚ್ಚುಕಡಿಮೆ ಎಲ್ಲರಿಗೂ ಕೇಳುವ ಹಾಗೆ, "ನಾನು ಕದ್ದೆ ತಂದೆ, ನಾನು ಕದ್ದೆ, ಒಳಗೆ ಕರ್ಕೋ," ಎನ್ನುತ್ತಿದ್ದ. ಪಕ್ಕದಲ್ಲಿ ತನುಜ ಬಿಳಿಚಿದ ಬೆರಳುಗಳಿಂದ ಅವನ ಬೆನ್ನು ಸವರುತ್ತಿದ್ದಳು. ಆವಲಪ್ಪನಿಗೆ ತನ್ನ ಅಂಗೈಯಲ್ಲಿ ಆ ಹೆಬ್ಬೆರಳು ಮತ್ತೆ ಬಿಚ್ಚಿಕೊಳ್ಳುತ್ತಿರುವ ಹಾಗೆ ಅನ್ನಿಸಿತು.

ಅಯ್ಯಗಾರು ಚಪಾತಿ ಎತ್ತಿ ಮುರಿದರು. ಒಂದು ಚಿಕ್ಕ ಸದ್ದು. ಆವಲಪ್ಪ ಎದ್ದು ತಟ್ಟೆ ತೆಗೆದುಕೊಂಡ. ಮೊದಲ ಸಾಲು ಮುಗಿಯಿತು. ಆದಿಲಕ್ಷ್ಮಮ್ಮ, ಅವಳ ಸೊಸೆ, ಆಂಜಿನಮ್ಮ. ಎಲ್ಲರಿಗೂ ಇದೇ ಮಾತು: ಇದು ಆತನ ದೇಹ, ನಿನಗಾಗಿ ಮುರಿದದ್ದು. ಅಂಗೈಗಳು, ಗೆರೆಗಳು, ಸೌದೆ ಹೊತ್ತು ಜಡ್ಡುಗಟ್ಟಿದ ಚರ್ಮ. ಎರಡನೇ ಸಾಲು. ವೆಂಕಟೇಶ್ ಫೋನು ಎತ್ತಿಕೊಂಡು ಪಕ್ಕಕ್ಕೆ ಬಂದ. ವೆಂಕಟರವಣಪ್ಪ ಮೊಂಡುಗೈಯನ್ನು ಕೆಳಗಿಟ್ಟು ಅದರ ಮೇಲೆ ಎಡಗೈ ಅಂಗಾತ ಇಟ್ಟುಕೊಂಡು ಕಾಯುತ್ತಿದ್ದ. ಕಣ್ಣು ಮುಚ್ಚಿದ್ದ. ಮಗುವಿನ ಹಾಗೆ ಬಾಯಿ ಸ್ವಲ್ಪ ತೆರೆದಿತ್ತು. ಅಂಗೈಯ ಗೆರೆಗಳಲ್ಲಿ ಬೆವರು.

ಆವಲಪ್ಪ ತುಂಡು ತೆಗೆದ. ಇಡಲಾಗಲಿಲ್ಲ.

"ಇಡಿ ತಾತ," ಎಂದು ವೆಂಕಟೇಶ್ ಪಿಸುಗುಟ್ಟಿದ. "ಆನ್ ಐತೆ."

"ಖಾಲಿ ಇತ್ತು," ಎಂದ ಆವಲಪ್ಪ.

ವೆಂಕಟರವಣಪ್ಪ ಕಣ್ಣು ಬಿಟ್ಟ. "ಏನಣ್ಣ?"

"ನಿನ್ನ ಮುಷ್ಟಿ ಖಾಲಿ ಇತ್ತು ಕಣಪ್ಪ. ನೀನು ಏನೂ ಕದ್ದಿರ್ಲಿಲ್ಲ. ಕಡಿದ ಮೇಲೆ ಬಿಚ್ಕೊಂಡಾಗ ನೋಡ್ದೆ, ಏನೂ ಇರ್ಲಿಲ್ಲ. ಗೌಡರು ಬರೋದ್ರೊಳಗೆ ಬುಟ್ಟಿಯಿಂದ ತೆಗೆದು ನಾನೇ ಇಟ್ಟೆ. ನಾನೇ ಬೆರಳು ಮಡಿಸ್ದೆ."

ವೆಂಕಟರವಣಪ್ಪನ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಇನ್ನೊಬ್ಬರ ಮನೆಯ ವಿಷಯ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿದ. ಆಮೇಲೆ ಚಾಚಿದ ಅಂಗೈ ನಿಧಾನಕ್ಕೆ ಮಡಿಸಿಕೊಂಡಿತು, ಮುಷ್ಟಿಯಾಯಿತು, ಮೊಣಕಾಲ ಮೇಲಿದ್ದವನು ಒಮ್ಮೆಲೇ ಎದ್ದು ಆವಲಪ್ಪನ ಬಾಯಿಗೆ ಹೊಡೆದ. ತಟ್ಟೆ ಹಾರಿತು. ತುಂಡುಗಳು ಚಾಪೆ, ಸೆರಗು, ಮಕ್ಕಳ ತಲೆ ಎಲ್ಲದರ ಮೇಲೆ ಬಿದ್ದವು. ಎರಡನೇ ಏಟು ಮೂಗಿಗೆ. ಕೆಳಗೆ ಬಿದ್ದ ಆವಲಪ್ಪನ ಎದೆಯ ಮೇಲೆ ಅವನು ಕೂತ. ಎಡಗೈ ಸೋತಾಗ ಮೊಂಡುಗೈಯಿಂದ ಕುಟ್ಟತೊಡಗಿದ, ಒನಕೆಯಿಂದ ಕುಟ್ಟುವ ಹಾಗೆ, ಗದ್ದಕ್ಕೆ, ಕಿವಿಗೆ, ಕಣ್ಣಿಗೆ. ಮೊಂಡಿನ ಚರ್ಮ ಒಡೆದು ಅದರಿಂದಲೂ ರಕ್ತ ಬಂತು. ಯಾರದು ಯಾರ ಮುಖದ ಮೇಲಿದೆ ಅಂತ ತಿಳಿಯದಾಯಿತು. ಆವಲಪ್ಪ ಕೈ ಎತ್ತಲಿಲ್ಲ. ಎತ್ತಬೇಕು ಅನ್ನಿಸಿತು, ತೋಳಲ್ಲಿ ಇನ್ನೂ ಶಕ್ತಿ ಇತ್ತು, ತಳ್ಳಿದರೆ ಅವನು ಬೀಳುತ್ತಿದ್ದ. ಎರಡೂ ಕೈಯನ್ನು ಬೆನ್ನ ಕೆಳಗೆ ಸೇರಿಸಿ ಅವುಗಳ ಮೇಲೆ ಮಲಗಿದ. ಒಂದು ಹಲ್ಲು ನಾಲಗೆಯ ಮೇಲೆ ಬಂತು.

"ನಮ್ಮವ್ವ ಸಾಯೋವಾಗ ಏನಂದ್ಲು ಗೊತ್ತೇನೋ? ಕಳ್ಳನ್ನ ಹೆತ್ತೆ ಅಂದ್ಲಲ್ಲೋ! ಸಿಕ್ಕಾಕ್ಕೊಂಡ ಕಳ್ಳ ಅಂತ ನಮ್ಮೂರೋರೇ ಉಗಿದ್ರಲ್ಲೋ! ನನ್ನ ಹೆಂಡ್ತಿಗೆ ಬೋರ್‌ವೆಲ್ ಹತ್ರ ಕೊಡ ಇಡೋಕೆ ಬಿಡ್ಲಿಲ್ಲ, ಕಳ್ಳನ ಹೆಂಡ್ತಿ, ಎಣಿಸ್ಕೊಳ್ರಮ್ಮ ಕೊಡಗಳನ್ನ ಅಂತ ನಗ್ತಿದ್ರು. ನಾನೂ ಹೌದು ಅಂದ್ಕೊಂಡೆ. ನಾನೂ..." ಅವನ ದನಿ ಒಡೆಯಿತು. "ನಾನೂ ಹೌದು ಅಂದ್ಕೊಂಡ್ನಲ್ಲೋ!"

ವೆಂಕಟೇಶನೂ ಇನ್ನಿಬ್ಬರೂ ಅವನನ್ನು ಎಳೆದು ನಿಲ್ಲಿಸಿದರು. ಅಯ್ಯಗಾರು ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ, "ತಾತ, ಶಾಂತಿ, ಶಾಂತಿ, ಇದು ಪ್ರಭುವಿನ ಮೇಜು," ಎನ್ನುತ್ತಿದ್ದರು. "ವೆಂಕಟೇಶ್, ಅದನ್ನ ಆಫ್ ಮಾಡಪ್ಪ ಮೊದ್ಲು."

ವೆಂಕಟರವಣಪ್ಪ ಉಸಿರು ಎಳೆದುಕೊಳ್ಳುತ್ತ ಅವರ ಕಡೆ ತಿರುಗಿದ. "ಅಯ್ಯಗಾರೇ, ಒಂದು ಮಾತು. ಆವತ್ತು ದೀಕ್ಷಾಸ್ನಾನ ಅಂತ ಕುಂಟೆ ನೀರಲ್ಲಿ ನನ್ನ ಮುಳುಗಿಸಿದ್ರಿ. ಕಳ್ಳ ಅಂತ ಒಪ್ಕೊಂಡು ಮುಳುಗ್ದೆ ನಾನು. ಈಗ ಹೇಳಿ, ನೀರಿನಿಂದ ಎದ್ದೋನು ಯಾರು?"

ಅಯ್ಯಗಾರ ಕೈಯ ಬಟ್ಟಲಿನ ರಸ ಅಂಚಿನವರೆಗೆ ಬಂದು ಹಿಂದಕ್ಕೆ ಹೋಯಿತು.

"ಯೋಚ್ನೆ ಮಾಡಿ ಹೇಳಿ. ಅವಸರ ಇಲ್ಲ." ಅವನು ಆವಲಪ್ಪನನ್ನು ನೋಡಿದ. "ಇಲ್ಲಿ ಹೇಳಿ ಹಗುರ ಮಾಡ್ಕೊಂಡ್ಯಾ? ಇವರ್ಯಾರು ನಂಗೆ? ನನ್ನ ಕಳ್ಳ ಅಂದಿದ್ದು ಬಂಡ್ಲಹಳ್ಳಿ. ಹೇಳೋದಾದ್ರೆ ಅಲ್ಲಿ ಅರಳಿಕಟ್ಟೆ ಮೇಲೆ ನಿಂತ್ಕೊಂಡು ಹೇಳು. ಅವರು ನಿನ್ನ ಕೊಂದ್ರೆ ನಾನು ಬಿಡಿಸಲ್ಲ."

ತನುಜ ಚಪ್ಪಲಿ ತಂದು ಅವನ ಕಾಲ ಮುಂದೆ ಇಟ್ಟಳು. ಇಬ್ಬರೂ ಹೊರಟರು.

ಆವಲಪ್ಪ ಎದ್ದು ಕೂತ. ಒಂದು ಕಣ್ಣು ಮುಚ್ಚಿಹೋಗಿತ್ತು. ಎಲ್ಲರೂ ದೂರ ಸರಿದಿದ್ದರು. ಆಂಜಿನಮ್ಮ ಮಾತ್ರ ಮಂಡಿಯ ಮೇಲೆ ಹರಿದಾಡುತ್ತ ರೊಟ್ಟಿಯ ತುಂಡುಗಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಅವನ ಕಾಲ ಹತ್ತಿರ ಬಿದ್ದಿದ್ದನ್ನೂ ತೆಗೆದುಕೊಂಡಳು, ಅವನ ಕಡೆ ನೋಡದೆ. "ಲಗ್ನ ಆಗಿ ಮೂರು ತಿಂಗಳಾಗಿತ್ತು ನಂಗೆ," ಎಂದಳು ನೆಲಕ್ಕೇ. "ಆವತ್ತು ನೀನು ಮನೆಗೆ ಬಂದು ಅನ್ನ ಕೇಳ್ದೆ. ಬಡಿಸ್ದೆ. ಎರಡು ಸಲ ಹಾಕಿಸ್ಕೊಂಡೆ." ಅವನು ಅದನ್ನು ಮರೆತಿದ್ದ. ಇಷ್ಟು ವರ್ಷ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದ, ಇದೊಂದು ಬಿಟ್ಟುಹೋಗಿತ್ತು.

ಅವನು ಎದ್ದು ಹೊರಗೆ ಬಂದ. ಚಪ್ಪಲಿ ಹುಡುಕಲಿಲ್ಲ. ಅಪ್ಪ ಮಗಳು ಆಗಲೇ ಹಿಪ್ಪುನೇರಳೆ ತೋಟ ದಾಟಿದ್ದರು. ಅವನು ಹಿಂದೆಯೇ ನಡೆದ. ಐವತ್ತು ಮಾರು, ಆಮೇಲೆ ನಲವತ್ತು. ತಲೆ ತಿರುಗುತ್ತಿತ್ತು, ಬಿಳಿ ಶರ್ಟು ಎದೆಗೆ ಅಂಟಿಕೊಂಡಿತ್ತು. ಎದುರಿಗೆ ಬಂದ ಬೈಕಿನವನೊಬ್ಬ ನಿಲ್ಲಿಸಿ, "ಏನಾಯ್ತು ತಾತ, ಆಕ್ಸಿಡೆಂಟಾ?" ಎಂದ. ಅವನು ತಲೆಯಾಡಿಸಿ ಮುಂದೆ ಹೋದ. ತನುಜ ಒಮ್ಮೆ ತಿರುಗಿ ನೋಡಿ ಅಪ್ಪನಿಗೆ ಏನೋ ಹೇಳಿದಳು. ವೆಂಕಟರವಣಪ್ಪ ನಿಂತ. ಬಗ್ಗಿ ಕಲ್ಲೊಂದನ್ನು ಎತ್ತಿಕೊಂಡು ಎಡಗೈಯಲ್ಲಿ ಬೀಸಿದ. ಅದು ದೂರ ಹೋಗಿ ಬಿತ್ತು. ಎರಡನೆಯದು ಭುಜಕ್ಕೆ ತಗುಲಿತು. ಮೂರನೆಯದು ಹಣೆಗೆ. ಆವಲಪ್ಪ ಕುಸಿದು, ನೆಲಕ್ಕೆ ಕೈಯೂರಿ, ಮತ್ತೆ ಎದ್ದ. ನಾಲ್ಕನೆಯ ಕಲ್ಲನ್ನು ವೆಂಕಟರವಣಪ್ಪ ಕೈಯಲ್ಲಿ ಹಿಡಿದೇ ನಿಂತಿದ್ದ, ಬಹಳ ಹೊತ್ತು. ಆಮೇಲೆ ಅದನ್ನು ಎಸೆಯದೆ, ಬಿಡದೆ, ಹಿಡಿದುಕೊಂಡೇ ನಡೆದ.

ಬಂಡ್ಲಹಳ್ಳಿಯ ಅರಳಿಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಒಬ್ಬ ಪೇಪರು ಓದುತ್ತಿದ್ದ, ಇಬ್ಬರು ಚೌಕಾಬಾರ ಆಡುತ್ತಿದ್ದರು, ಒಬ್ಬ ಫೋನಿನಲ್ಲಿ ಟೊಮೇಟೊ ರೇಟು ಕೇಳುತ್ತಿದ್ದ. ಅವರಲ್ಲಿ ಹಳಬರು ಇಬ್ಬರೇ. ಅದರಲ್ಲೊಬ್ಬ, ರಾಮಾಂಜಿನಪ್ಪ, ಕಿವಿ ಮಂದವಾದ ಮುದುಕ, ಕಣ್ಣಿಗೆ ಕೈ ಅಡ್ಡ ಹಿಡಿದು, "ಏಯ್, ಇವನು ತುಮ್ಮಲಕುಂಟೆ ಕಡಿಯೋ ಆವಲನಲ್ವಾ? ನಮ್ಮ ಎಲ್ಲೆ ಯಾಕೆ ದಾಟ್ದ?" ಎಂದ. ಆಡುತ್ತಿದ್ದವರು ಕವಡೆ ಬಿಟ್ಟು ಎದ್ದರು.

ವೆಂಕಟರವಣಪ್ಪ ಕಟ್ಟೆಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕಲ್ಲು ಇನ್ನೂ ಅವನ ಕೈಯಲ್ಲಿತ್ತು.

"ಕಟ್ಟೆ ಹತ್ತು," ಎಂದ. "ಅವನಿಗೆ ಕಿವಿ ಕೇಳ್ಸಲ್ಲ. ಜೋರಾಗಿ ಹೇಳ್ಬೇಕು."

ಆವಲಪ್ಪ ಕಟ್ಟೆಯ ಅಂಚು ಹಿಡಿದು ಹತ್ತಿದ. ಬಾಯಲ್ಲಿದ್ದ ಹಲ್ಲನ್ನು ಉಗಿದ. ರಾಮಾಂಜಿನಪ್ಪನ ಕಿವಿಯ ಹತ್ತಿರ ಬಗ್ಗಿ, "ವೆಂಕಟರವಣನ ಕೈ ಖಾಲಿ ಇತ್ತು," ಎಂದು ಕೂಗಿದ. ಮುದುಕ ಅರ್ಥವಾಗದೆ "ಆಂ?" ಎಂದ. ಅವನು ಮತ್ತೆ ಕೂಗಿದ.